ಮೇ ತಿಂಗಳ ಧಾರವಾಡದಲ್ಲಿ ಸಂಗೀತ

ಮೇ ತಿಂಗಳಲ್ಲಿ ನಾಲ್ಕು ದಿನ ಧಾರವಾಡಕ್ಕೆ ಬರುತ್ತಿದ್ದೇನೆ, ಒಳ್ಳೆಯ ಕಚೇರಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಮೊದಲಿಗೆ, ಇಲ್ಲಿ ಹಿಂದೂಸ್ತಾನಿ ಸಂಗೀತ ಕಚೇರಿಗೆ ‘ಬೈಠಕ್’ ಎನ್ನಿ, ಜನ ಬೇಗ ಹತ್ತಿರವಾಗುತ್ತಾರೆ.

ನಿಜ ಹೇಳಬೇಕೆಂದರೆ ನೀವು ಆರಿಸಿಕೊಂಡ ತಿಂಗಳು ಸರಿಯಿಲ್ಲ. ಇಲ್ಲಿನ ದೊಡ್ಡ ಕಾರ್ಯಕ್ರಮಗಳು ಹೆಚ್ಚಾಗಿ ಗಾಯಕರ ಪುಣ್ಯತಿಥಿ, ಜಯಂತಿಗಳನ್ನು ಹಿಡಿದು ನಡೆಯುತ್ತವೆ. ಮಲ್ಲಿಕಾರ್ಜುನ ಮನಸೂರರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ರಂದು. ಕುಂದಗೋಳದ ಸವಾಯಿ ಗಂಧರ್ವರು ತೀರಿಕೊಂಡದ್ದೂ ಅದೇ ತಾರೀಖು, 1952ರಲ್ಲಿ. ಮನಸೂರರ ಹುಟ್ಟುಹಬ್ಬ ಡಿಸೆಂಬರ್ 31. ಬೇಸಿಗೆಯಲ್ಲಿ ರಂಗಮಂದಿರಗಳು ಬಹುಮಟ್ಟಿಗೆ ಮಕ್ಕಳ ಶಿಬಿರಗಳ ಪಾಲು.

ಆದರೂ ಬನ್ನಿ. ಧಾರವಾಡದ ಸಾಂಸ್ಕೃತಿಕ ಸಂಸ್ಥೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ವಿಚಾರಿಸಿ, ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ದ ಮೇಲೂ ಕಣ್ಣಿಡಿ. ಮನೆಗಳಲ್ಲಿ ನಡೆಯುವ ಬೈಠಕ್‌ಗಳ ಸುದ್ದಿ ಅಲ್ಲಿಯೂ ಬರುವುದಿಲ್ಲ, ತಬಲಾ ಕಲಿಸುವವರ ಬಾಯಿಂದಲೇ ತಿಳಿಯಬೇಕು. ಮನಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ, ತಪ್ಪದೆ ನೋಡಿ.

ಒಂದು ದಿನವನ್ನು ಗದಗಕ್ಕೆ ಮೀಸಲಿಡಿ. ಹುಬ್ಬಳ್ಳಿಯಿಂದ ರೈಲಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲವೂ ಉಚಿತ. ಅಲ್ಲಿ ಮಕ್ಕಳು ಕುಳಿತು ಸ್ವರ ತಿದ್ದಿಕೊಳ್ಳುವುದನ್ನು ಕೇಳುವುದು, ನನ್ನ ಮಟ್ಟಿಗೆ, ಧ್ವನಿವರ್ಧಕ ಅಬ್ಬರಿಸುವ ಎಷ್ಟೋ ಉತ್ಸವಗಳಿಗಿಂತ ಮೇಲು. ಈ ಆಶ್ರಮವನ್ನು ಕಟ್ಟಿದ ಗಾಯಕ ಪಂಚಾಕ್ಷರಿ ಗವಾಯಿಗಳು 1944ರ ಜೂನ್‌ನಲ್ಲಿ ತೀರಿಕೊಂಡರು. ಪುಣ್ಯಸ್ಮರಣೆಯ ಜಾತ್ರೆ ಆ ಹೊತ್ತಿಗೆ ಬರುತ್ತದೆ. ರಜೆಯನ್ನು ಸ್ವಲ್ಪ ಮುಂದೂಡಲು ಸಾಧ್ಯವಾದರೆ ಮುಂದೂಡಿ. ಹೊರಡುವ ಮೊದಲು ಆಶ್ರಮಕ್ಕೆ ಫೋನ್ ಮಾಡಿ ದಿನಾಂಕ ಖಚಿತಪಡಿಸಿಕೊಳ್ಳಿ.