ಮೊದಲು ನಿದ್ದೆ ಮಾಡಿ, ಅಕ್ಕಾ

ಮಗನ ಗಂಟಲಿನ ಕೊಳವೆಗೆ ಸಕ್ಷನ್ ಮಾಡುವಾಗ (ಯಂತ್ರದಿಂದ ಕಫ ಹೀರಿ ತೆಗೆಯುವಾಗ) ಕೈ ನಡುಗುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ಹುಚ್ಚು ಹಿಡಿಯುತ್ತಿದೆಯೇ ಎಂದು ಕೇಳಿದ್ದೀರಿ. ಇಲ್ಲ ಅಕ್ಕಾ. ತಿಂಗಳುಗಟ್ಟಲೆ ನೆಟ್ಟಗೆ ನಿದ್ದೆಯಿಲ್ಲದ ಕೈ ನಡುಗದೆ ಇನ್ನೇನು ಮಾಡೀತು? ಮಗಳಿಗೆ ಮನೆಯಲ್ಲೇ ಆಮ್ಲಜನಕ ಕೊಡುತ್ತಿದ್ದಾಗ ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಯಂತ್ರದ ಅಲಾರಂ ಎಂದು ಓಡುತ್ತಿದ್ದೆ, ಸೌಟು ಕೈಯಲ್ಲೇ.

ಯಜಮಾನರಿಗೂ ಸಕ್ಷನ್ ಕಲಿಸಿ. ವಾರಕ್ಕೆ ಎರಡು ರಾತ್ರಿ ಅವರ ಪಾಳಿ. ನೀವು ಬೇರೆ ಕೋಣೆಯಲ್ಲಿ ಮಲಗಿ. ಅಳು ಎರಡು ವಾರ ದಾಟಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್ ಹೆಸರಿಗೆ ಹೆದರಬೇಡಿ (ನಮ್ಮತ್ತೆ ಹೆದರಿದ್ದರು). ಹೊರಗೆ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಬೆಳಗಾಗಲಿ ಎಂದು ಕಾಯಬೇಡಿ.