ಪಾರ್ಕಿನ್ಸನ್ ಮಾತ್ರೆಯನ್ನು ತಿಂಡಿ ಜೊತೆ ಕೊಡಬಹುದಾ?

ತಿಂಡಿ ಜೊತೆ ಪಾರ್ಕಿನ್ಸನ್ ಮಾತ್ರೆ ಸಿಂಡೋಪಾ ಕೊಟ್ಟರೆ ಅಪ್ಪನಿಗೆ ಕೆಲವು ದಿನ ಕೆಲಸವೇ ಮಾಡಲ್ಲ ಅಂತ ಕೇಳಿದ್ದೀರಿ. ಕಾರಣ ತಟ್ಟೆಯಲ್ಲೇ ಇರಬಹುದು.

ಈ ಮಾತ್ರೆಯಲ್ಲಿರುವ ಲೆವೊಡೋಪಾ ಮೆದುಳಿಗೆ ಹೋಗಿ, ಈ ಕಾಯಿಲೆಯಲ್ಲಿ ಕಡಿಮೆಯಾಗುವ, ಕೈಕಾಲು ಆಡಿಸಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಆಗುತ್ತದೆ. ಜೊತೆಗಿರುವ ಕಾರ್ಬಿಡೋಪಾ, ಅದು ದಾರಿಯಲ್ಲೇ ಖರ್ಚಾಗದಂತೆ ತಡೆಯುತ್ತದೆ. ಆದರೆ ಕರುಳಿನಲ್ಲೂ ಮೆದುಳಿನ ಬಳಿಯೂ ಲೆವೊಡೋಪಾ ದಾಟಬೇಕಾದ ಬಾಗಿಲಿನಲ್ಲೇ ಪ್ರೋಟೀನಿನ ಅಂಶಗಳೂ ದಾಟುತ್ತವೆ. ಮೊಟ್ಟೆ, ದೊಡ್ಡ ಲೋಟ ಹಾಲು ಜೊತೆಗಿದ್ದರೆ ಬಿಎಂಟಿಸಿ ಬಸ್ಸಿನ ಬಾಗಿಲಿನಂತೆ ನೂಕುನುಗ್ಗಲು. ಹಾಗಾಗಿ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ನೀರಿನ ಜೊತೆ ಕೊಡಿ. ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ತು ಸಾಕು. ಪ್ರೋಟೀನ್ ಮಾತ್ರ ಪೂರ್ತಿ ಬಿಡಿಸಬೇಡಿ, ಸುಮ್ನೆ ಸೊರಗುತ್ತಾರೆ. ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೆ ಬೇರೆ ಹೊತ್ತು ಇಡಿ.

ನರ್ಸ್ ಆಗಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಸಮಯದ ಬಗ್ಗೆ. 8 ಗಂಟೆ ಅಂದರೆ 8 ಗಂಟೆಯೇ. ಆಸ್ಪತ್ರೆಗೆ ಸೇರಿಸಿದರೆ ವಾರ್ಡಿನಲ್ಲಿ ಮಾತ್ರೆ ಹಂಚುವ ಹೊತ್ತು ಬೇರೆ ಇರುತ್ತದೆ, ಅಲ್ವಾ? ಮಾತ್ರೆಯ ಹೆಸರು, ಮಿಲಿಗ್ರಾಂ, ಗಂಟೆ ಬರೆದ ಚೀಟಿಯನ್ನು ಮೊದಲ ದಿನವೇ ಸಿಸ್ಟರ್ ಕೈಗೆ ಕೊಡಿ. ಈ ಔಷಧಿ ತಟ್ಟನೆ ನಿಂತರೆ ಮೈ ಬಿಗಿದು, ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು. ವಾಂತಿಗೆ ಮೆಟೊಕ್ಲೋಪ್ರಮೈಡ್ ಬೇಡ ಅಂತಲೂ ಅದೇ ಚೀಟಿಯಲ್ಲಿ ಬರೆಯಿರಿ. ಅದು ಡೋಪಮೈನನ್ನೇ ತಡೆದು ಕಾಯಿಲೆಯ ಲಕ್ಷಣ ಹೆಚ್ಚಿಸುತ್ತದೆ.

ಹಾಸಿಗೆಯಿಂದ ಏಳುವಾಗ ಬಿಪಿ ಇಳಿದು ತಲೆ ಸುತ್ತಬಹುದು. ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲಲಿ. ಡೋಸ್ ಬದಲಾವಣೆ ಏನಿದ್ದರೂ ನಿಮ್ಮ ನರರೋಗ ತಜ್ಞರನ್ನೇ ಕೇಳಿ.