ರೋಲ್‌ಪ್ಲೇ ಸರ್ವರ್‌ಗೆ ಪೊಲೀಸ್ ಕೋಡ್: ನೂರು ಬೇಡ, ಹತ್ತು ಸಾಕು

ಆನ್‌ಲೈನ್ ಆಟದಲ್ಲಿ ಪೊಲೀಸ್ ಪಾತ್ರ ಮಾಡೋ ನಮ್ಮ ಸರ್ವರ್‌ನಲ್ಲಿ, ನೆಟ್‌ನಲ್ಲಿ ಸಿಕ್ಕ ನೂರು ಕೋಡ್‌ಗಳ ಪಟ್ಟಿ ಪಿನ್ ಮಾಡಿದ್ದೀವಿ, ಆದ್ರೂ ವೈರ್‌ಲೆಸ್‌ನಲ್ಲಿ ಬರೀ ಗದ್ದಲ, ಮಾತಿನ ಮೊದಲ ಅಕ್ಷರವೂ ಹೋಗುತ್ತೆ, ನಡುವೆ ಕರೆಂಟೂ ಹೋಗುತ್ತೆ ಅಂತ ಕೇಳಿದ್ದೀರಲ್ಲ, ಮೊದಲು ಆ ಪಟ್ಟಿ ಕಿತ್ತು ಹಾಕಿ. ಅದು ಒಂದೇ ಊರಿನ ಪಟ್ಟಿ ಅಲ್ಲ. ಅಮೆರಿಕದಲ್ಲಿ ಒಂದೊಂದು ಕಡೆಯ ಪೊಲೀಸರು ಟೆನ್-ಕೋಡ್‌ಗಳನ್ನ, ಅಂದ್ರೆ ವೈರ್‌ಲೆಸ್‌ನಲ್ಲಿ ಚುಟುಕಾಗಿ ಹೇಳೋಕೆ ಬಳಸೋ '10-'ರಿಂದ ಶುರುವಾಗೋ ನಂಬರ್‌ಗಳನ್ನ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದಾರೆ, ನೆಟ್‌ನಲ್ಲಿ ಓಡಾಡೋದು ಎಲ್ಲದರ ಕಲಸುಮೇಲೋಗರ. 10-13 ನೋಡಿ. ಹಳೆಯ ಸಾಮಾನ್ಯ ಪಟ್ಟಿಯಲ್ಲಿ ಅದು ಹವಾಮಾನ, ರಸ್ತೆ ಸ್ಥಿತಿ. ನ್ಯೂಯಾರ್ಕ್‌ನಲ್ಲಿ ಅದೇ ನಂಬರ್‌ಗೆ 'ಪೊಲೀಸರಿಗೇ ಸಹಾಯ ಬೇಕು' ಅಂತ ಅರ್ಥ. ಮಡಿಕೇರಿಯಲ್ಲಿ ಮಳೆ ಜೋರು ಅನ್ನೋಕೆ ಒಬ್ಬ 10-13 ಅಂದ್ರೆ ಅರ್ಧ ಸ್ಟೇಷನ್ ಕೋವಿ ಹಿಡ್ಕೊಂಡು ಓಡುತ್ತೆ.

ಇಟ್ಟುಕೊಳ್ಳಬೇಕಾದ್ದು ಇಷ್ಟೇ: 10-3 ಎಲ್ಲರೂ ಮಾತು ನಿಲ್ಲಿಸಿ, 10-4 ಸರಿ ಕೇಳಿಸ್ತು, 10-6 ಕೆಲಸದಲ್ಲಿದ್ದೀನಿ, 10-7 ಡ್ಯೂಟಿಯಲ್ಲಿಲ್ಲ, 10-8 ಡ್ಯೂಟಿಗೆ ಸಿದ್ಧ, 10-9 ಇನ್ನೊಮ್ಮೆ ಹೇಳಿ, 10-20 ಎಲ್ಲಿದ್ದೀರಿ, 10-22 ಬಿಡಿ ಬೇಡ, 10-23 ಸ್ಥಳಕ್ಕೆ ಬಂದೆ, 10-76 ಹೊರಟೆ. ಇದರಲ್ಲಿ 10-3 ಅನ್ನೋದನ್ನೇ ಜನ ಮರೆಯೋದು, ಗುಂಡಿನ ಗಲಾಟೆ ಶುರುವಾದಾಗ ಚಾನೆಲ್ ಉಳಿಸೋದೂ ಅದೇ.

ಗಾಯ, ಗನ್, ಒತ್ತೆಯಾಳು ಇಂಥದ್ದಕ್ಕೆ ಕೋಡ್ ಇಡಲೇಬೇಡಿ, ಬಿಡಿಸಿ ಹೇಳಿ. ಹಲವು ಇಲಾಖೆ ಸೇರಿ ಮಾಡೋ ಕೆಲಸದಲ್ಲಿ ಸಾದಾ ಮಾತೇ ಇರಬೇಕು ಅಂತ ಅಮೆರಿಕ ಸರ್ಕಾರವೇ 2006ರಲ್ಲಿ ಅನುದಾನಕ್ಕೆ ಷರತ್ತು ಹಾಕಿತ್ತು.

ಈ ಕೋಡ್‌ಗಳ ಮುಂದೆ 'ಟೆನ್' ಯಾಕೆ ಬಂತು ಅಂತ ಗೊತ್ತಾದ್ರೆ ನಿಮ್ಮ ಇನ್ನೊಂದು ತೊಂದರೆಯೂ ಅರ್ಥ ಆಗುತ್ತೆ. 1930ರ ದಶಕದ ಕೊನೆಗೆ ಇಲಿನಾಯ್ ಪೊಲೀಸ್ ಇಲಾಖೆಯ ಚಾರ್ಲ್ಸ್ ಹಾಪರ್ ಇದನ್ನ ಮಾಡಿದಾಗ, ಬಟನ್ ಒತ್ತಿದ ಮೇಲೆ ವೈರ್‌ಲೆಸ್ ಸೆಟ್‌ನ ಮೋಟಾರ್ ತಿರುಗಿ ವೇಗ ಹಿಡಿಯೋಕೆ ಒಂದು ಕ್ಷಣ ಬೇಕಿತ್ತು. ಮೊದಲ ಉಚ್ಚಾರ ನುಂಗಿ ಹೋಗ್ತಿತ್ತು. ಹೋದರೆ 'ಟೆನ್' ಹೋಗಲಿ, ನಂಬರ್ ಉಳಿಯಲಿ ಅಂತ ಲೆಕ್ಕ. ನಿಮ್ಮ ಹುಡುಗರದ್ದೂ ಮೊದಲ ಅಕ್ಷರ ಹೋಗ್ತಿರೋದು ಬಟನ್ ಒತ್ತೋದೂ ಮಾತಾಡೋದೂ ಒಟ್ಟಿಗೇ ಆಗ್ತಿರೋದಕ್ಕೆ. ಒತ್ತಿ, ಅರ್ಧ ಸೆಕೆಂಡ್ ಬಿಟ್ಟು ಮಾತಾಡಿ, ಮುಗಿದ ಮೇಲೂ ಅರ್ಧ ಸೆಕೆಂಡ್ ಹಿಡ್ಕೊಳ್ಳಿ. ಮಾತಾಡೋಕೆ ಡಿಸ್ಕಾರ್ಡ್ ಆ್ಯಪ್ ಆದ್ರೆ ಪುಶ್-ಟು-ಟಾಕ್ ರಿಲೀಸ್ ಡಿಲೇ, ಅಂದ್ರೆ ಬಟನ್ ಬಿಟ್ಟ ಮೇಲೂ ಮೈಕ್ ತೆರೆದಿರೋ ಸಮಯ, 200 ಮಿಲಿಸೆಕೆಂಡ್ ಸುತ್ತಮುತ್ತ ಇಡಿ. ಬಟನ್ ಇಲ್ಲದೆ ಶಬ್ದ ಕೇಳಿದರೆ ತಾನೇ ಮೈಕ್ ತೆರೆಯೋ ವಾಯ್ಸ್ ಆಕ್ಟಿವಿಟಿ ಮಾತ್ರ ಇಟ್ಟುಕೊಳ್ಳಬೇಡಿ: ಶೀಟ್ ಮನೆ ಮೇಲೆ ಮಳೆ ಹೊಡೆದರೆ ಮೈಕ್ ಮುಚ್ಚೋದೇ ಇಲ್ಲ, ಇಡೀ ಚಾನೆಲ್ ಮಳೆ ಕೇಳ್ತಾ ಕೂರಬೇಕು.

ಮಾತಿನ ಕ್ರಮ: ಯಾರನ್ನ ಕರೀತಿದ್ದೀರಿ, ನೀವು ಯಾರು, ಎಲ್ಲಿ, ಏನು, ಏನು ಬೇಕು. ಜಾಗ ಯಾವಾಗಲೂ ಘಟನೆಗಿಂತ ಮುಂಚೆ. ನೀವು ಅರ್ಧದಲ್ಲಿ ಕಟ್ ಆದರೂ ಕಂಟ್ರೋಲ್, ಅಂದ್ರೆ ಕರೆ ತಗೊಂಡು ಎಲ್ಲರನ್ನೂ ನಡೆಸುವವನು, ಗಾಡಿ ಕಳಿಸಬಹುದು. ಕೆಳಗಿನ 'ಕುಶಾಲನಗರ ಎರಡು', 'ಮಡಿಕೇರಿ ಒಂದು' ಗಾಡಿಗಳ ಹೆಸರು.

"ಕಂಟ್ರೋಲ್, ಕುಶಾಲನಗರ ಎರಡು."
"ಹೇಳಿ ಕುಶಾಲನಗರ ಎರಡು."
"ಕೊಪ್ಪ ಸೇತುವೆ, ಮೈಸೂರು ಕಡೆಯ ತುದಿ. ಬಿಳಿ ಜೀಪು, ಮೂರು ಜನ, ಒಬ್ಬನ ಕೈಯಲ್ಲಿ ಕೋವಿ. ಇನ್ನೊಂದು ಗಾಡಿ ಬೇಕು."
"10-4. ಮಡಿಕೇರಿ ಒಂದು, ಹೊರಡಿ."
"ಮಡಿಕೇರಿ ಒಂದು, 10-76."

ಬರೀ 'ಸಂಪಾಜೆ ಘಾಟಿ' ಅಂದ್ರೆ ಪ್ರಯೋಜನ ಇಲ್ಲ. ಸುಳ್ಯ ಕಡೆ ಇಳೀತಿದ್ದಾನಾ, ಮಡಿಕೇರಿ ಕಡೆ ಹತ್ತುತಿದ್ದಾನಾ ಅಂತ ಹೇಳಿ. ಚೇಸ್‌ನಲ್ಲಿ ಓಡಿಸುವವನು ಮಾತಾಡಬಾರದು, ಪಕ್ಕದವನು ಪ್ರತಿ ತಿರುವಿಗೂ ದಿಕ್ಕು ಹೇಳಬೇಕು. ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ಹತ್ತಿರ ಬಂದಾಗ ಹೇಳಿದರೆ ತಡ, ವಿರಾಜಪೇಟೆ ದಾಟಿದ ಕೂಡಲೇ ಹೇಳಿದರೆ ಅಡ್ಡ ಹಾಕೋಕೆ ಆಗುತ್ತೆ.

ನಂಬರ್ ಪ್ಲೇಟ್ ಒಂದೊಂದೇ ಅಂಕಿಯಾಗಿ ಓದಿ. ಕರಕರ ಶಬ್ದದಲ್ಲಿ ಇಪ್ಪತ್ತೂ ಎಪ್ಪತ್ತೂ ಒಂದೇ ಥರ ಕೇಳುತ್ತೆ, 'ಎರಡು ಸೊನ್ನೆ' ಅಂದ್ರೆ ತಪ್ಪೋದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಲಾಸ್ ಏಂಜಲಿಸ್ ಪೊಲೀಸರ ಆಡಂ, ಬಾಯ್, ಚಾರ್ಲ್ಸ್ ಬೇಕಾ, ಸೈನ್ಯದ ಆಲ್ಫಾ, ಬ್ರಾವೋ, ಚಾರ್ಲಿ ಬೇಕಾ, ಒಂದನ್ನ ಹಿಡೀರಿ. ಕೆಎ ಅನ್ನೋದನ್ನ ಒಬ್ಬ 'ಕಿಂಗ್ ಆಡಂ', ಇನ್ನೊಬ್ಬ 'ಕಿಲೋ ಆಲ್ಫಾ' ಅಂದ್ರೆ ಕಂಟ್ರೋಲ್‌ನವನಿಗೆ ಎರಡು ಗಾಡಿ.

187, 211, 459 ಇವು ಟೆನ್-ಕೋಡ್ ಅಲ್ಲ, ಕ್ಯಾಲಿಫೋರ್ನಿಯಾದ ದಂಡಸಂಹಿತೆಯ ಸೆಕ್ಷನ್‌ಗಳು: ಕೊಲೆ, ದರೋಡೆ, ಮನೆಗಳ್ಳತನ. ಜಿಟಿಎ ಆಟದಲ್ಲಿ ಲಾಸ್ ಏಂಜಲಿಸ್ ಮಾದರಿಯಲ್ಲಿ ಮಾಡಿದ ಲಾಸ್ ಸ್ಯಾಂಟೋಸ್ ಮ್ಯಾಪ್‌ಗೆ ಹೊಂದುತ್ತೆ. ನಿಮ್ಮದು ಕೊಡಗಿನ ಕಥೆ ಅಂದ್ರೆ ನಮ್ಮ ಸೆಕ್ಷನ್ ಹಾಕಿ. ಕಥೆ ನಡೆಯೋ ದಿನಾಂಕ ಮಾತ್ರ ನೋಡಿಕೊಳ್ಳಿ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಕೊಲೆ 302 ಹೋಗಿ 103, ವಂಚನೆ 420 ಹೋಗಿ 318. ಫೋರ್ ಟ್ವೆಂಟಿ ಅಂತ ಬೈಯೋದಕ್ಕೇನೂ ಅಡ್ಡಿಯಿಲ್ಲ ಬಿಡಿ.

ಇನ್ನು ಕರೆಂಟು. ಕಂಟ್ರೋಲ್ ನೋಡಿಕೊಳ್ಳುವವನ ರೂಟರ್ ಮಿನಿ ಯುಪಿಎಸ್ ಮೇಲಿರಲಿ, ಮಾಡೆಮ್ ಬೇರೆ ಇದ್ದರೆ ಅದೂ. ಆದ್ರೂ ಹೋಗೇ ಹೋಗುತ್ತೆ, ಅದಕ್ಕೆ ಮೊದಲೇ ನಿಯಮ ಇಡಿ: ಎರಡು ಸಲ ಕರೆದರೂ ಕಂಟ್ರೋಲ್ ಉತ್ತರ ಕೊಡದಿದ್ರೆ ಮಡಿಕೇರಿ ಒಂದು ಕಂಟ್ರೋಲ್ ಆಗುತ್ತೆ, ಉಳಿದವರು ಒಬ್ಬೊಬ್ಬರಾಗಿ ಎಲ್ಲಿದ್ದೀವಿ ಅಂತ ಮತ್ತೆ ಹೇಳ್ತಾರೆ. ಕರೆಂಟು ಬಂದು ಲಾಗಿನ್ ಆದವನು ತಕ್ಷಣ ಬಾಯಿ ಹಾಕಬಾರದು, ಕೈಯಲ್ಲಿರೋ ಕರೆ ಮುಗಿದ ಮೇಲೆ ಜವಾಬ್ದಾರಿ ವಾಪಸ್ ತಗೊಳ್ಳಲಿ.